ಗೋಡೆಯ ಈಚೆ

ಅವರನ್ನು ಮೊದಲು ಕಂಡದ್ದು ಒಂದು ಜಗಳದಲ್ಲಿ.
ಕಂಡದ್ದು ಎಂದರೆ, ಅಕ್ಷರದಲ್ಲಿ.
ಕಪ್ಪುಬಿಳುಪಿನ ಚಿತ್ರವೊಂದರ ಕೊನೆಯ ಓಟದಲ್ಲಿ
ಕುದುರೆ ಕೆಂಚೋ ಕಂದೋ ಎಂದು
ಮಡಗಾಂವಿನ ಮಿನೇಜಿಸ್ ಎತ್ತಿದ ತಕರಾರು
ಮೂರು ರಾತ್ರಿ ನಡೆದಿತ್ತು.
ಒಬ್ಬರ ಮುಖ ಒಬ್ಬರು ಕಾಣದ ಹನ್ನೊಂದು ಮಂದಿ
ಮನೆಯವರು ಮಲಗಿದ ಮೇಲೆ
ಅಂಗೈ ಬೆಳಕಿಗೆ ಬಾಗಿ
ಸತ್ತು ಎಷ್ಟೋ ಕಾಲವಾದ ಕುದುರೆಗೆ ಬಣ್ಣ ಬಳಿಯುತ್ತಿದ್ದೆವು.

ನಾನು ಬರೆದೆ: ಬಣ್ಣ ನನಗೆ ಗೊತ್ತಿಲ್ಲ.
ಅದರ ಒಂದು ಲಾಳ ಮಾತ್ರ ಸಡಿಲ.
ನಾಲ್ಕನೇ ಹೆಜ್ಜೆಗೊಮ್ಮೆ ಟಿಣ್ ಅನ್ನುತ್ತದೆ.

ಎಲ್ಲರೂ ಸುಮ್ಮನಾದರು.
ಆಮೇಲೆ 'ಬಾಲ್ಕನಿ' ಎಂದು ಹೆಸರಿಟ್ಟುಕೊಂಡಿದ್ದ ಯಾರೋ ಕೇಳಿದರು:
ನೀವು ಎಲ್ಲಿ ಕೂತು ನೋಡಿದಿರಿ?

ಕೂತಿಲ್ಲ. ನೋಡಿಯೂ ಇಲ್ಲ.
ಗ್ರ್ಯಾಂಟ್ ರೋಡಿನ ಟಾಕೀಸಿನ ಕ್ಯಾಂಟೀನಿನಲ್ಲಿ
ಬೈಂದೂರು ಕಡೆಯ ಹುಡುಗ ನಾನು, ಬಾಬು ಶೇರಿಗಾರ,
ಪರದೆಯ ಹಿಂದಿನ ಗೋಡೆಗೆ ಒರಗಿ
ಬಟಾಟೆ ಸುಲಿಯುತ್ತಿದ್ದೆ.
ಓಲಗ ಊದುವ ಮನೆತನ, ಕಿವಿಯೊಂದೇ ಆಸ್ತಿ.
ಇಪ್ಪತ್ತೈದು ವಾರ ಓಡಿದರೆ ಇಪ್ಪತ್ತೈದು ವಾರವೂ
ನಾಯಕಿ ಆ ಕಡೆ ಅಳುತ್ತಿದ್ದಳು,
ಈ ಕಡೆ ನಾನು. ನನ್ನದು ಈರುಳ್ಳಿಯದು.
ಖಳ ಕೆಮ್ಮಿದನೋ, ಎಣ್ಣೆ ಕಾಯಬೇಕು.
ತಾಯಿ 'ಬೇಟಾ' ಎಂದು ಕೂಗಿದಳೋ, ವಡೆ ಬಿಡಬೇಕು.
ಜನ ನುಗ್ಗುವಾಗ ಒಂದು ತಟ್ಟೆಯೂ ತಣ್ಣಗಿರಕೂಡದು.

ಎರಡು ದಿನ ಬಿಟ್ಟು ಬರೆದರು,
ಎಲ್ಲರೆದುರು ಅಲ್ಲ, ನನಗೊಬ್ಬನಿಗೆ:
ಇಂದುಮತಿ ಪೋಂಕ್ಷೆ, ಪುಣೆ, ಸದಾಶಿವ ಪೇಠೆ.
ಹದಿನಾರರಲ್ಲಿ ಬಾಲ್ಕನಿಯಿಂದ ಏಳು ಸಲ ನೋಡಿದವಳು.
ಈಗ ಒಂಬತ್ತು ವರ್ಷದಿಂದ ಕಿವಿ ಪೂರ್ತಿ ಹೋಗಿದೆ.
ತುಟಿ ಆಡುತ್ತವೆ, ಬಾಗಿಲು ಬಡಿದುಕೊಳ್ಳುತ್ತವೆ, ಅಷ್ಟೆ.
ಆ ಲಾಳದ ಸಂಗತಿ ಇನ್ನೊಂದು ಸಲ ಹೇಳುತ್ತೀರಾ?

ಅವರದು ಪೇಠೆಯ ಮರಾಠಿ, ನನ್ನದು ಹೋಟೆಲಿನ ಹಿಂದಿ.
ವ್ಯವಹಾರಕ್ಕೆ ಸಾಕಾಯಿತು.
ಈಗ ಮೆಟ್ಟಿಲು ಇಳಿಯುತ್ತಾಳೆ, ಎಂದು ಬರೆಯುವರು,
ಸೆರಗು ಕಂಬಿಗೆ ಸಿಕ್ಕಿತು, ಜಗ್ಗಿದಳು.
ಓ, ಆ 'ಪರ್' ಅದೇನಾ!
ಐವತ್ತೈದು ವರ್ಷ ನಾನದನ್ನು
ಪತ್ರ ಹರಿದ ಸದ್ದೆಂದು ತಿಳಿದಿದ್ದೆ.
ಪತ್ರವೇ ಇಲ್ಲ ಚಿತ್ರದಲ್ಲಿ, ಎಂದರು.
ನನ್ನ ಚಿತ್ರದಲ್ಲಿತ್ತು, ಎಂದೆ.
ಸ್ವಲ್ಪ ಹೊತ್ತಿನ ಮೇಲೆ ಬಂತು:
ಯಾರು ಬರೆದದ್ದು? ಏನಿತ್ತು ಅದರಲ್ಲಿ?

(ನಡುವೆ ಮಿನೇಜಿಸ್ ಪತ್ತೆ ಹಚ್ಚಿದ:
ಅದು ಕುದುರೆಯೇ ಅಲ್ಲ,
ಸ್ಟುಡಿಯೋದಲ್ಲಿ ಯಾರೋ ಕರಟ ಕುಟ್ಟಿದ್ದು.
ಇರಲಿ. ಕರಟವಾದರೆ ನಮ್ಮೂರಿನ ನೆಂಟಸ್ತಿಕೆ.)

ಕಳೆದ ಮಾಗಿಯಲ್ಲಿ ಪುಣೆಯ ಶಾಲೆಯೊಂದರ ಹಾಲಿನಲ್ಲಿ
ಹಳೆಯ ಪ್ರಿಂಟು ಹಾಕುತ್ತಾರೆಂದು ಸೇರಿದೆವು,
ಹನ್ನೊಂದರಲ್ಲಿ ಏಳು ಮಂದಿ.
ಮಿನೇಜಿಸ್ ಮುದುಕನಲ್ಲ, ಮೀಸೆ ಚಿಗುರಿದ ಹುಡುಗ!
ಅವರು ಹಸಿರು ಸ್ವೆಟರಿನಲ್ಲಿ, ಕೈ ಮುಗಿದು,
ಪಕ್ಕದಲ್ಲೇ ಕೂತು ಫೋನಿನಲ್ಲಿ ಬರೆದರು:
ಎತ್ತರ ಇದ್ದೀರಿ. ಬರೆಯುವಾಗ ಕುಳ್ಳಗಿದ್ದಿರಿ.

ದೀಪ ಆರಿತು.
ಆ ಗೋಡೆಯಾಚೆ ಇಷ್ಟು ಬೆಳಕಿತ್ತೆ!
ಅವಳು ಇಷ್ಟು ಚಿಕ್ಕವಳೆ! ಎಂಥ ದಪ್ಪ ದನಿಯವಳೆಂದುಕೊಂಡಿದ್ದೆ.
ಖಳ ಕೆಮ್ಮಿದ.
ನೋಡಿದರೆ ನಾನು ಎದ್ದು ನಿಂತಿದ್ದೇನೆ,
ಕೈ ಝಾರಾ ಹುಡುಕುತ್ತಿದೆ ಗಾಳಿಯಲ್ಲಿ.
ಅಂಗಿಯ ತೋಳು ಹಿಡಿದು ಮೆಲ್ಲಗೆ ಜಗ್ಗಿದರು.
ಕೂತೆ. ಮೊದಲ ಸಲ
ನನಗೆ ಇಂಟರ್ವಲ್ಲಿನಲ್ಲಿ ಬೇರೆ ಯಾರೋ ಚಹಾ ತಂದುಕೊಟ್ಟರು.
ನೀರು ಚಹಾ. ಹೇಳಲಿಲ್ಲ.

ಕೊನೆಗೆ ಕುದುರೆ ಬಂತು,
ಬೂದಿ ಬಣ್ಣದ್ದು, ಕೆಂಚೂ ಅಲ್ಲ ಕಂದೂ ಅಲ್ಲ,
ಗೀರು ಬಿದ್ದ ಮಳೆಯಲ್ಲಿ ಓಡಿತು.
ಸದ್ದಿನ ಪಟ್ಟಿ ಸವೆದಿತ್ತು. ಬರೀ ಗೊರ ಗೊರ.
ಲಾಳ ಕೇಳಲೇ ಇಲ್ಲ.

ಕುರ್ಚಿಯ ಕಬ್ಬಿಣದ ತೋಳಿನ ಮೇಲೆ
ಬೆರಳಿನಿಂದ ಮೂರು, ಉಂಗುರದಿಂದ ಒಂದು,
ನಾನೇ ತಟ್ಟುತ್ತಾ ಹೋದೆ.
ಅವರ ಅಂಗೈ ಕಬ್ಬಿಣದ ಮೇಲೆ ಬಂದು ಕೂತಿತು.

ಹಿಂದಿನ ಸಾಲಿನಿಂದ ಮಿನೇಜಿಸ್
ಶ್! ಎಂದ.